ದುಡ್ಡು ಕಟ್ಟಿದ್ರೂ 'ಎಕ್ಸ್‌ಪೈರ್ಡ್'!

ಹೋದ ತಿಂಗಳು ಒಂದು ಶುಕ್ರವಾರ ಸಂಜೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಫೋನ್ ಬಂತು. ನಾನು ಇಂಜಿನಿಯರಿಂಗ್ ಓದಿದ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಸರ್. "ಏನಪ್ಪಾ, ಬೆಂಗಳೂರಿನ ಟ್ರಾಫಿಕ್‌ನಲ್ಲಿದೀಯಾ? ಒಂದು ಸಣ್ಣ ಕೆಲಸ ಇತ್ತು" ಅಂದ್ರು.

ಕೆಲಸ ಸಣ್ಣದೇ, ಅವರ ಸಂಕಟ ಸಣ್ಣದಾಗಿರಲಿಲ್ಲ. ಲ್ಯಾಬ್‌ನ 40 ಕಂಪ್ಯೂಟರ್‌ಗಳಿಗೆ ಆಂಟಿವೈರಸ್ ನವೀಕರಣ ಮಾಡಿಸಿ ಮೂರು ತಿಂಗಳಾಗಿದೆ. ಬಿಲ್ ಪಾಸಾಗಿದೆ, ದುಡ್ಡು ಹೋಗಿದೆ. ಆದ್ರೂ ಯಾವ ಮಷೀನ್ ಆನ್ ಮಾಡಿದ್ರೂ ಮೂಲೆಯಲ್ಲಿ 'ನಿಮ್ಮ ಸಬ್‌ಸ್ಕ್ರಿಪ್ಷನ್ ಮುಗಿದಿದೆ' ಅನ್ನೋ ಕೆಂಪು ಡಬ್ಬ. ಸ್ಟಾಫ್ ಮೀಟಿಂಗ್‌ನಲ್ಲಿ ಯಾರೋ ನಗುತ್ತಲೇ ಕೇಳಿದರಂತೆ, "ಲೈಸೆನ್ಸ್ ನಿಜವಾಗ್ಲೂ ತಗೊಂಡ್ರಾ?" ಅಂತ. ಸರ್‌ಗೆ ನಿವೃತ್ತಿಗೆ ಎರಡೇ ವರ್ಷ ಬಾಕಿ. "ನನ್ನ ಮೇಲೇ ಅನುಮಾನ ಕಣೋ" ಅಂದು ಸುಮ್ಮನಾದ್ರು.

ಹೋಗದೇ ಇರೋಕೆ ಆಗ್ಲಿಲ್ಲ, ಒಂದು ಋಣ ಇತ್ತು. 2017ರಲ್ಲಿ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್ ಇದ್ದ ಪೆನ್‌ಡ್ರೈವ್‌ಗೆ ಜೆರಾಕ್ಸ್ ಅಂಗಡಿಯಲ್ಲಿ ವೈರಸ್ ಅಂಟಿಕೊಂಡು, ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿದ್ದವು. ಮರುದಿನ ವೈವಾ. ಗೆಳೆಯ ಅಳೋದೊಂದು ಬಾಕಿ. ಆಗ ಇದೇ ಸರ್ ಕಪ್ಪು ಪರದೆ ತೆರೆದು 'ಆಟ್ರಿಬ್' ಅಂತ ಶುರುವಾಗುವ ಒಂದು ಸಾಲು ಟೈಪ್ ಮಾಡಿದ್ರು. "ಫೈಲ್ ಎಲ್ಲೂ ಹೋಗಿಲ್ಲ ಕಣ್ರೋ, ಅಡಗಿ ಕೂತಿದೆ ಅಷ್ಟೆ." ಎಲ್ಲವೂ ವಾಪಸ್ ಬಂತು.

ಶನಿವಾರ ಬೆಳಿಗ್ಗೆ ಲ್ಯಾಬ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಪ್ರಾಜೆಕ್ಟ್ ಕೆಲಸಕ್ಕೆ ಬಂದಿದ್ದ ಹುಡುಗ ಹುಡುಗಿಯರು ಕೆಂಪು ಡಬ್ಬವನ್ನು ಓದುತ್ತಲೇ ಇರಲಿಲ್ಲ. ಅದು ಕಾಣಿಸೋಕೆ ಮುಂಚೆ ಮೌಸ್ ಅದರ ಕ್ಲೋಸ್ ಗುರುತಿನ ಮೇಲೆ ಹೋಗಿ ಕೂತಿರುತ್ತಿತ್ತು. ಒಬ್ಬ ಮೆಲ್ಲಗೆ, "ಅಣ್ಣ, ಕ್ರ್ಯಾಕ್ ಇದೆ, ಹಾಕ್ಲಾ?" ಅಂದ. ಕ್ರ್ಯಾಕ್ ಹಾಕೋಕೆ ಮೊದಲು ಆಂಟಿವೈರಸ್ ಆಫ್ ಮಾಡಿ ಅನ್ನುತ್ತೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಬೇಡಪ್ಪಾ ಅಂದೆ.

ಒಂದು ಮಷೀನ್‌ಗೆ ಕೀ ಹಾಕಿದೆ. ಹಸಿರಾಯ್ತು. ರೀಸ್ಟಾರ್ಟ್ ಮಾಡಿದೆ. ಮತ್ತೆ ಕೆಂಪು! ಇನ್ನೊಂದರಲ್ಲೂ ಅದೇ ಕಥೆ. ಆಗ ಟಾಸ್ಕ್‌ಬಾರ್‌ನಲ್ಲಿದ್ದ ಒಂದು ಪುಟ್ಟ ಐಕಾನ್ ಕಣ್ಣಿಗೆ ಬಿತ್ತು. ಅಲ್ಲೇ ಇತ್ತು ನೋಡಿ ವಿಷಯ.

ಕಾಲೇಜು ಲ್ಯಾಬ್, ಸೈಬರ್ ಕೆಫೆಗಳಲ್ಲಿ ಡಿಸ್ಕ್ 'ಫ್ರೀಜ್' ಮಾಡುವ ಸಾಫ್ಟ್‌ವೇರ್ ಹಾಕಿರ್ತಾರೆ. ವಿದ್ಯಾರ್ಥಿಗಳು ಏನೇ ಗೀಚಿದ್ರೂ, ಏನೇ ಇನ್‌ಸ್ಟಾಲ್ ಮಾಡಿದ್ರೂ, ರೀಸ್ಟಾರ್ಟ್ ಆದ ಕೂಡಲೇ ಕಂಪ್ಯೂಟರ್ ಹಳೆಯ ಸ್ಥಿತಿಗೆ ಮರಳುತ್ತೆ. ಸ್ಲೇಟು ಒರೆಸಿದಂತೆ. ಒಳ್ಳೆಯ ವ್ಯವಸ್ಥೆಯೇ. ಆದ್ರೆ ಅದಕ್ಕೆ ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಅಂತ ಗೊತ್ತಾಗಲ್ಲ. ಹೊಸ ಲೈಸೆನ್ಸನ್ನೂ ಒರೆಸುತ್ತೆ, ಆಂಟಿವೈರಸ್‌ನ ದಿನನಿತ್ಯದ ಅಪ್‌ಡೇಟನ್ನೂ ಒರೆಸುತ್ತೆ, ವಿಂಡೋಸ್‌ನ ಸೆಕ್ಯುರಿಟಿ ಪ್ಯಾಚನ್ನೂ ಒರೆಸುತ್ತೆ. ಕೊನೆಯದ್ದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು. ನಾವು ಪಾಸಾದ ವರ್ಷವೇ, 2017ರ ಮೇ 12ರಂದು 'ವಾನಾಕ್ರೈ' ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತ್ತಲ್ಲ, ಅದು ನುಗ್ಗಿದ ದಾರಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಸರ್ ಪಾಪ ಮೂರು ತಿಂಗಳಿಂದ ವಾರಕ್ಕೊಮ್ಮೆ ಕೂತು ಕೀ ಹಾಕುತ್ತಲೇ ಇದ್ದರಂತೆ. ಲೈಸೆನ್ಸ್ ಪೋರ್ಟಲ್ ತೆರೆದರೆ 40ಕ್ಕೆ 40 ಖರ್ಚು, ಆದ್ರೆ ಒಂದೇ ಕಂಪ್ಯೂಟರ್ ನಾಲ್ಕೈದು ಹೆಸರಲ್ಲಿ ಕೂತಿದೆ! ಪ್ರತಿ ಸಲ ಕೀ ಹಾಕಿದಾಗಲೂ ಹೊಸ ಮಷೀನ್ ಬಂತು ಅಂತ ಲೆಕ್ಕ ಹಿಡಿದಿತ್ತು. ನಕಲಿ ಹೆಸರುಗಳನ್ನು ತೆಗೆದೆವು. ಆಮೇಲೆ ಒಂದೊಂದಾಗಿ ಫ್ರೀಜ್ ಬಿಡಿಸಿ, ಲೈಸೆನ್ಸ್ ಹಾಕಿ, ಆಂಟಿವೈರಸ್ ಮತ್ತು ವಿಂಡೋಸ್ ಎರಡನ್ನೂ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ ನೋಡಿ, ಮತ್ತೆ ಫ್ರೀಜ್. ಮಧ್ಯಾಹ್ನದ ಊಟ ಸಂಜೆ ನಾಲ್ಕಕ್ಕೆ.

ಮೂರು ಮಷೀನ್ ಆಗಲೂ ಹಟ ಹಿಡಿದವು. ಅವುಗಳ ಗಡಿಯಾರ 2009ರಲ್ಲೇ ನಿಂತಿತ್ತು. ಮದರ್‌ಬೋರ್ಡ್‌ನ ನಾಣ್ಯದಂಥ ಸೆಲ್ ಸತ್ತಿತ್ತು. ತಾರೀಖು ತಪ್ಪಿದ್ರೆ ಲೈಸೆನ್ಸ್ ಅವಧಿಯ ಲೆಕ್ಕವೂ ತಪ್ಪುತ್ತೆ, ಸರ್ವರ್ ಜೊತೆ ಸುರಕ್ಷಿತ ಸಂಪರ್ಕವೂ ಕೂಡಿಬರಲ್ಲ. ವಾಚ್ ರಿಪೇರಿ ಅಂಗಡಿಯಿಂದ ಸಿಆರ್2032 ಸೆಲ್ ತರಿಸಿದೆವು. ಎರಡು ಸರಿಹೋದವು.

ಇನ್ನೊಂದು ಕಂಪ್ಯೂಟರ್, ಆಫೀಸಿನ ಮೇಡಂದು. ಆಂಟಿವೈರಸ್ ಹಸಿರಾಗಿದ್ರೂ 'ಅವಧಿ ಮುಗಿದಿದೆ, ಈಗಲೇ ಹಣ ಕಟ್ಟಿ' ಅಂತ ಬರ್ತಾನೇ ಇತ್ತು. ನೋಡಿದ್ರೆ ಆ ಸಂದೇಶದ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವುದೋ ಗುರುತಿಲ್ಲದ ವೆಬ್‌ಸೈಟ್ ಹೆಸರು. ಎಂದೋ 'ಅಲೋ' ಒತ್ತಿದ್ದಕ್ಕೆ ಬ್ರೌಸರ್ ಕಳಿಸುತ್ತಿದ್ದ ನೋಟಿಫಿಕೇಷನ್ ಅದು, ಶುದ್ಧ ಮೋಸ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ನೋಟಿಫಿಕೇಷನ್ ಪಟ್ಟಿಯಿಂದ ಕಿತ್ತುಹಾಕಿದೆ. ಮೇಡಂ ಕಾರ್ಡ್ ನಂಬರ್ ಕೊಟ್ಟಿರಲಿಲ್ಲ, ಪುಣ್ಯ. ಕೊಟ್ಟವರಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಜೊತೆಗೆ ಬಂದ ಟ್ರಯಲ್ ಮುಗಿದು ಕಾಟ ಕೊಡ್ತಿದ್ರೆ ಇಷ್ಟೆಲ್ಲ ಒದ್ದಾಟ ಬೇಕಿಲ್ಲ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ವಿಂಡೋಸ್ 10, 11ರಲ್ಲಿ ಡಿಫೆಂಡರ್ ತಾನಾಗೇ ಎಚ್ಚರಗೊಳ್ಳುತ್ತೆ. 'ವಿಂಡೋಸ್ ಸೆಕ್ಯುರಿಟಿ' ತೆರೆದು ಖಾತ್ರಿ ಮಾಡಿಕೊಂಡರೆ ಸಾಕು. ಸಾಮಾನ್ಯ ಬಳಕೆಗೆ ನಾನೂ ಅದನ್ನೇ ನಂಬಿದ್ದೇನೆ.

ಸೋಮವಾರ ಸರ್ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ರು. ಪೋರ್ಟಲ್ ಪುಟದ ಪ್ರಿಂಟ್‌ಔಟ್, ಸಾಲಾಗಿ ಮಷೀನ್‌ಗಳ ಹೆಸರು, ಪಕ್ಕದಲ್ಲಿ ಬಿಲ್ ನಂಬರ್, ಕೆಳಗೆ ಪ್ರಿನ್ಸಿಪಾಲರ ಸಹಿ. "ಫೈಲ್‌ಗೆ ಹಾಕಿದೆ ಕಣಪ್ಪಾ" ಅಂತ ಬರೆದಿದ್ರು. ಹತ್ತು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: "17ನೇ ಮಷೀನ್ ಇನ್ನೂ 2009ರಲ್ಲೇ ಇದೆ. ಮುಂದಿನ ಸಲ ಬಂದಾಗ ನೋಡು."