ರೋಗಿಯನ್ನು ನೋಡಿಕೊಳ್ಳುವವರನ್ನು ಯಾರು ನೋಡಿಕೊಳ್ಳಬೇಕು?



ಭದ್ರಾವತಿಯ ಒಂದು ಸಂಘದಲ್ಲಿ ಒಬ್ಬ ಸದಸ್ಯೆ ನಾಲ್ಕು ವಾರ ಸಭೆಗೆ ಬರಲಿಲ್ಲ. ಉಳಿತಾಯದ ಹಣ ಮಾತ್ರ ಪಕ್ಕದ ಮನೆ ಹುಡುಗಿಯ ಕೈಲಿ ಬರುತ್ತಿತ್ತು. ನಿಯಮದಂತೆ ದಂಡ ಹಾಕಿ ನಡವಳಿ ಪುಸ್ತಕದಲ್ಲಿ ಬರೆದರು. ನಾವೂ ನೋಡಿ ಸುಮ್ಮನಿದ್ದೆವು. ಐದನೇ ವಾರ ಮನೆಗೆ ಹೋದರೆ, ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದೆ. "ಸಿಸ್ಟರ್, ತಲೆಗೆ ನೀರು ಹಾಕ್ಕೊಂಡು ಎಂಟು ದಿನ ಆಯ್ತು" ಅಂದರು. ಅವರದ್ದೇ ಬಿ.ಪಿ. ಮಾತ್ರೆ ಮುಗಿದು ಎಷ್ಟು ದಿನವಾಗಿತ್ತೋ, ಅವರಿಗೇ ನೆನಪಿರಲಿಲ್ಲ.

ಮನೆಯಲ್ಲಿ ಒಬ್ಬರು ಮಲಗಿದರೆ ಎಲ್ಲರೂ ರೋಗಿಯ ಆರೋಗ್ಯ ವಿಚಾರಿಸುತ್ತಾರೆ. ನೋಡಿಕೊಳ್ಳುವವಳಿಗೆ "ನೀನು ಊಟ ಮಾಡಿದೆಯಾ?" ಎಂದು ಕೇಳುವವರು ಕಡಿಮೆ. ಹೆಂಗಸರಾದ ನಾವೂ ಹಾಗೇ ಕಲಿತಿದ್ದೇವೆ. ಎಲ್ಲರದ್ದೂ ಆದ ಮೇಲೆ ಉಳಿದಿದ್ದು ನಮಗೆ. ಆದರೆ ನೀವು ಬಿದ್ದರೆ ಆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ.

ಮೊದಲು ನಿದ್ದೆಯ ವಿಷಯ. ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನರ್ಸ್ ಹೇಳಿ ಕಳಿಸುತ್ತಾರೆ. ರಾತ್ರಿಯೂ ಅದನ್ನು ಒಬ್ಬರೇ ಮಾಡಿದರೆ ಅವರು ಮಲಗುವುದು ಯಾವಾಗ? ರಾತ್ರಿಯನ್ನು ಎರಡು ಪಾಲು ಮಾಡಿ. ಹನ್ನೆರಡರ ತನಕ ಮಗ, ಆಮೇಲೆ ನೀವು. ಗಂಡುಮಕ್ಕಳಿಗೆ ಇದು ಬರಲ್ಲ ಅನ್ನಬೇಡಿ, ಕಲಿಸಿದರೆ ಬರುತ್ತೆ. ಗಾಳಿ ಹಾಸಿಗೆ ಇದ್ದರೆ ಸ್ವಲ್ಪ ಅನುಕೂಲ, ಆದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ರೋಗಿಯನ್ನು ಮೇಲಕ್ಕೆ ಸರಿಸುವಾಗ ಕೈ ಹಿಡಿದು ಎಳೆಯಬೇಡಿ. ಮೈ ಕೆಳಗೆ ಮಡಚಿದ ಬೆಡ್‌ಶೀಟ್ ಹಾಕಿ, ಎರಡೂ ಕಡೆ ಒಬ್ಬೊಬ್ಬರು ಹಿಡಿದು, ಮೊಣಕಾಲು ಬಗ್ಗಿಸಿ ಸರಿಸಿ. ಎಷ್ಟೋ ಸಹೋದರಿಯರ ಸೊಂಟ ಹೋಗಿರುವುದು ಇಲ್ಲೇ.

ಇನ್ನು ಸಿಟ್ಟು. ದಿನಕ್ಕೆ ಐದು ಸಲ ಬಟ್ಟೆ ಬದಲಿಸಿದ ಮೇಲೆ ಆರನೇ ಸಲ ರೇಗಿಬಿಡುತ್ತೇವೆ, ಆಮೇಲೆ ಅಡುಗೆಮನೆಯಲ್ಲಿ ಅಳುತ್ತೇವೆ. "ದೇವರು ಇವರನ್ನು ಬೇಗ ಕರ್ಕೊಳ್ಳಲಿ" ಎಂಬ ಯೋಚನೆ ಬಂತೆಂದು ತಾನು ಪಾಪಿ ಅಂದುಕೊಂಡವರನ್ನು ನಾವು ನೋಡಿದ್ದೇವೆ. ಅದು ದಣಿದ ಮನಸ್ಸಿನ ಮಾತು, ಕೆಟ್ಟತನವಲ್ಲ. ಆದರೆ ಎರಡು ವಾರಕ್ಕೂ ಹೆಚ್ಚು ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡ ಅನಿಸಿದರೆ ಸುಮ್ಮನಿರಬೇಡಿ. ಸಾಯಬೇಕು ಎಂಬ ಯೋಚನೆ ಬಂದರಂತೂ ಎರಡು ವಾರ ಕಾಯುವುದಲ್ಲ, ಆ ಕ್ಷಣವೇ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಉಚಿತ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ನಮಗೆ ಟಿಕೆಟ್ ಇಲ್ಲ. ಭದ್ರಾವತಿಯಿಂದ ಬರುವವರು ಅವಸರದಲ್ಲಿ ಖಾಸಗಿ ಬಸ್ ಹತ್ತದಿದ್ದರೆ ಸಾಕು!

ಮಾನಸಿಕ ಕಾಯಿಲೆಯವರನ್ನು ನೋಡಿಕೊಳ್ಳುವವರ ಕಷ್ಟ ಬೇರೆ, ಅದನ್ನು ಹೊರಗೆ ಹೇಳಿಕೊಳ್ಳುವುದೂ ಇಲ್ಲ. ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನಿಮ್ಹಾನ್ಸ್ ವೈದ್ಯರು 2005ರಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಹುಡುಕಿ ಚಿಕಿತ್ಸೆ ಕೊಟ್ಟರು. ಮಾತ್ರೆ ತಪ್ಪಿಸದೆ ತೆಗೆದುಕೊಂಡವರು ತಮ್ಮ ಕೆಲಸ ತಾವು ಮಾಡಿಕೊಳ್ಳುವುದು ಹೆಚ್ಚಿತು. ಹಾಗಾದಾಗ ಮನೆಯವರ ಹೊರೆಯೂ ಇಳಿಯುತ್ತದೆ. ಆದ್ದರಿಂದ ಮಾತ್ರೆ ಕೊಡಿಸುವುದು ನಿಮ್ಮ ಆರೈಕೆಯೂ ಹೌದು.

ಸಹಾಯ ಕೇಳುವಾಗ "ಏನಾದ್ರೂ ಮಾಡಿ" ಅಂದರೆ ಯಾರೂ ಏನೂ ಮಾಡುವುದಿಲ್ಲ. "ಗುರುವಾರ ಹತ್ತರಿಂದ ಹನ್ನೆರಡರವರೆಗೆ ಇವರ ಹತ್ತಿರ ಕೂತ್ಕೊಳ್ತೀಯಾ?" ಎಂದು ಕೇಳಿ. ಭಾನುವಾರ ಬಾಳೆಹಣ್ಣು ತಂದು, "ಅಣ್ಣ ಸೊರಗಿದಾನೆ" ಎಂದು ಹೇಳಿ ಹೋಗುವ ನಾದಿನಿಗೆ, "ಶನಿವಾರ ರಾತ್ರೀನೇ ಬಾ, ಒಂದು ರಾತ್ರಿ ನೀನು ನೋಡ್ಕೋ" ಎಂದು ಹೇಳಿ. ಜಗಳವಾಗುತ್ತೆ ಅಂತ ಹೆದರಬೇಡಿ. ಹೆಚ್ಚಿನವರು ಬರುತ್ತಾರೆ, ಕೇಳಿರುವುದಿಲ್ಲ ಅಷ್ಟೆ.

ಅಂಗವಿಕಲರಿದ್ದರೆ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ, ಮಾಸಾಶನಕ್ಕೆ ಬೇಕು. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ ಮುಂತಾದ ಕೆಲವು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2024ರ ಬಜೆಟ್‌ನಲ್ಲಿ ಹೇಳಿದೆ. ಅದರ ಅರ್ಜಿಯನ್ನೂ ಅವರ ಹತ್ತಿರವೇ ಕೇಳಿ. ವೃದ್ಧರ ವಿಷಯಕ್ಕೆ 14567 ಸಹಾಯವಾಣಿ ಇದೆ.

ಆ ಭದ್ರಾವತಿ ಸಂಘದವರು ಮಾಡಿದ್ದು ಇಷ್ಟು: ವಾರದ ಸಭೆಯನ್ನೇ ಆ ಮನೆಯ ಜಗಲಿಗೆ ತಂದರು. ಸಭೆ ಮುಗಿದ ಮೇಲೆ ಸರದಿಯಂತೆ ಇಬ್ಬರು ಎರಡು ಗಂಟೆ ಉಳಿಯುತ್ತಾರೆ. ಆಕೆ ಸ್ನಾನ ಮಾಡುತ್ತಾರೆ, ಮಾತ್ರೆ ತರುತ್ತಾರೆ, ಕೆಲವು ದಿನ ಸುಮ್ಮನೆ ಮಲಗುತ್ತಾರೆ. ಡೈಪರ್, ಗಾಳಿ ಹಾಸಿಗೆಗೆ ಆಂತರಿಕ ಸಾಲ ಕೊಟ್ಟರು. ಆರೈಕೆಯಲ್ಲಿರುವವರಿಗೆ ಗೈರುಹಾಜರಿ ದಂಡ ಇಲ್ಲ ಎಂದು ಠರಾವು ಮಾಡಿ ಎಲ್ಲರೂ ಸಹಿ ಹಾಕಿದರು. ಹಳೆಯ ದಂಡದ ನಲವತ್ತು ರೂಪಾಯಿ ವಾಪಸ್ ಕೊಡಲು ಹೋದರೆ ಆಕೆ ತೆಗೆದುಕೊಳ್ಳಲಿಲ್ಲ. "ಉಳಿತಾಯಕ್ಕೇ ಹಾಕಿ" ಅಂದರು.