ಎಂಸಿಬಿ ಕಾಯುವುದು ತಂತಿಯನ್ನು, ಜೀವವನ್ನಲ್ಲ

ಮನೆಯಲ್ಲಿ ಎಂಸಿಬಿ ಇದೆ, ಯಾರಿಗಾದರೂ ಶಾಕ್ ಹೊಡೆದರೆ ಅದು ತಾನಾಗಿಯೇ ಬಿದ್ದುಬಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬೀಳುವುದಿಲ್ಲ. ಒದ್ದೆ ಕೈಯಲ್ಲಿ ಫೇಸ್ ತಂತಿ ಮುಟ್ಟಿದವರ ಹೃದಯವೇ ನಿಂತರೂ ಎಂಸಿಬಿ ಅಲುಗಾಡದೆ ಇರುತ್ತದೆ. ಅದು ಆ ಸಾಧನದ ದೋಷವಲ್ಲ, ಅದನ್ನು ಮಾಡಿರುವುದೇ ಬೇರೆ ಕೆಲಸಕ್ಕೆ. ಈ ವ್ಯತ್ಯಾಸ ಅರಿಯದೆ ನಾವು ವರ್ಷದಿಂದ ವರ್ಷಕ್ಕೆ ಮನೆಯೊಳಗೆ ಹೆಚ್ಚು ಹೆಚ್ಚು ಕರೆಂಟು ಎಳೆದುಕೊಳ್ಳುತ್ತಿದ್ದೇವೆ. ಹೀಗೇ ನಡೆದರೆ ಮುಂದೆ ತೆರಬೇಕಾದ ಬೆಲೆ ದೊಡ್ಡದು.

ಈಗ ತೆರುತ್ತಿರುವುದೇನು ಕಡಿಮೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳ ಪ್ರಕಾರ, ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವಿದ್ಯುತ್ ತಗುಲಿ ಸತ್ತವರು ವರ್ಷಕ್ಕೆ 12,000ಕ್ಕೂ ಹೆಚ್ಚು. ದಿನಕ್ಕೆ ಮೂವತ್ತಕ್ಕಿಂತ ಹೆಚ್ಚು ಜೀವಗಳು. ಹೊಲದ ಪಂಪ್‌ಸೆಟ್, ಕಟ್ಟಡ ಕೆಲಸ, ಬೀದಿಯಲ್ಲಿ ಹರಿದುಬಿದ್ದ ತಂತಿ ಎಲ್ಲವೂ ಈ ಲೆಕ್ಕದಲ್ಲಿ ಸೇರಿವೆ. ಆದರೆ ಮನೆಯೊಳಗಿನ ಸಾವುಗಳನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಹೈಸ್ಕೂಲಿನಲ್ಲಿ ಕಲಿತ ಓಮ್‌ನ ನಿಯಮವನ್ನು ನೆನಪಿಸಿಕೊಳ್ಳೋಣ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಹರಿಯುವ ಕರೆಂಟು ಸಿಗುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು, ಮೈ ಒದ್ದೆಯಾದರೆ ದೇಹದ ರೋಧ ಸುಮಾರು 1,000 ಓಮ್‌ಗೆ ಇಳಿಯುತ್ತದೆ. ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್.

ಇಷ್ಟು ಕರೆಂಟು ದೇಹಕ್ಕೆ ಏನು ಮಾಡುತ್ತದೆ? ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯೆಲ್ ಕಳೆದ ಶತಮಾನದ ಮಧ್ಯಭಾಗದಲ್ಲಿ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಬಿಡಲಾಗದ ಮಟ್ಟ ಯಾವುದೆಂದು ಅಳೆದರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಸುಮಾರು 10.5. ಅದನ್ನು ಮೀರಿದರೆ ಮುಂಗೈ ಸ್ನಾಯುಗಳು ಸೆಟೆದು ಬೆರಳುಗಳು ತಂತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತವೆ. ‘ಕರೆಂಟು ಎಳೆದುಕೊಂಡಿತು’ ಎಂದು ಜನ ಹೇಳುವುದು ಇದನ್ನೇ. 30 ಮಿಲಿಆಂಪಿಯರ್ ಆಸುಪಾಸಿನಲ್ಲಿ ಉಸಿರಾಟದ ಸ್ನಾಯುಗಳು ಬಿಗಿಯುತ್ತವೆ. 50ರಿಂದ 100 ಮಿಲಿಆಂಪಿಯರ್ ಎದೆಯ ಮೂಲಕ ಒಂದೆರಡು ಸೆಕೆಂಡು ಹರಿದರೆ ಸಾಕು, ಹೃದಯ ಲಯ ತಪ್ಪಿ ಅದುರತೊಡಗುತ್ತದೆ, ರಕ್ತ ಪಂಪ್ ಮಾಡುವುದನ್ನು ನಿಲ್ಲಿಸುತ್ತದೆ.

ಈಗ ಎಂಸಿಬಿಯತ್ತ ಬನ್ನಿ. ಗೀಸರಿನ ಲೈನಿಗೆ ಸಾಮಾನ್ಯವಾಗಿ ಹಾಕುವುದು 16 ಆಂಪಿಯರಿನದು. ಅಂದರೆ 16,000 ಮಿಲಿಆಂಪಿಯರ್ ಮೀರುವವರೆಗೆ ಅದಕ್ಕೆ ಬೀಳಲು ಕಾರಣವೇ ಇಲ್ಲ. ಮನುಷ್ಯನನ್ನು ಕೊಲ್ಲಬಲ್ಲ 230 ಮಿಲಿಆಂಪಿಯರ್ ಅದರ ಎಪ್ಪತ್ತನೇ ಒಂದು ಭಾಗ. ಎಂಸಿಬಿ ಇರುವುದು ತಂತಿ ಕಾದು ಬೆಂಕಿ ಹೊತ್ತಿಕೊಳ್ಳದಂತೆ ತಡೆಯಲು.

ಹಾಗಾದರೆ ಅರ್ತ್ ನಮ್ಮನ್ನು ಕಾಯುವುದಿಲ್ಲವೇ? ಕಾಯುತ್ತದೆ, ಅದು ಸರಿಯಿದ್ದರೆ. ಗೀಸರಿನೊಳಗಿನ ಎಲಿಮೆಂಟ್ ಸೀಳಿ ಫೇಸ್ ಕರೆಂಟು ಅದರ ಲೋಹದ ಮೈಗೆ ತಗುಲಿತು ಎನ್ನೋಣ. ಮೂರನೆಯ ಪಿನ್ನಿನ ಹಸಿರು ತಂತಿ ಅದನ್ನು ಅರ್ತ್ ಗುಂಡಿಗೆ ಸಾಗಿಸುತ್ತದೆ. ಗುಂಡಿಯ ರೋಧ 2 ಓಮ್ ಇದ್ದರೆ ನೂರು ಆಂಪಿಯರಿಗೂ ಹೆಚ್ಚು ಹರಿದು ಎಂಸಿಬಿ ಬೀಳುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಗೃಹಪ್ರವೇಶದ ಹೊತ್ತಿಗೆ ಉಪ್ಪು, ಇದ್ದಿಲು ತುಂಬಿ ಮುಚ್ಚಿದ ಗುಂಡಿಗೆ ಆಮೇಲೆ ಯಾರೂ ನೀರು ಹಾಕಿರುವುದಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ, ಕೊಳವೆ ತುಕ್ಕು ಹಿಡಿದು ರೋಧ 25 ಓಮ್‌ಗೆ ಏರಿತೆನ್ನಿ. ಆಗ ಹರಿಯುವುದು 230 ಭಾಗಿಸು 25, ಅಂದರೆ 9.2 ಆಂಪಿಯರ್ ಮಾತ್ರ. ಹದಿನಾರರ ಎಂಸಿಬಿ ಸುಮ್ಮನಿರುತ್ತದೆ. ಗೀಸರಿನ ಮೈಯಲ್ಲಿ, ಅದಕ್ಕೆ ಸೇರಿದ ಲೋಹದ ನಲ್ಲಿಯಲ್ಲಿ ಇನ್ನೂರು ವೋಲ್ಟಿಗೂ ಮೀರಿದ ಒತ್ತಡ ನಿಂತಿರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಮನೆಯ ಎಲ್ಲ ತ್ರೀ ಪಿನ್ ಸಾಕೆಟ್‌ಗಳಿಗೂ ಅದೇ ಹಸಿರು ತಂತಿ. ಬಚ್ಚಲಿನ ಗೀಸರಿನ ದೋಷ ಅಡುಗೆಮನೆಯ ಫ್ರಿಜ್ಜಿನ ಬಾಗಿಲಲ್ಲೂ ಶಾಕ್ ಕೊಡಬಲ್ಲದು. ಚಿತ್ರದುರ್ಗದಂಥ ಬಂಡೆ ನೆಲದಲ್ಲಿ, ಕರಾವಳಿಯ ಮುರಕಲ್ಲಿನ ನೆಲದಲ್ಲಿ ಒಳ್ಳೆಯ ಅರ್ತ್ ಸಿಗುವುದು ಮೊದಲೇ ಕಷ್ಟ.

ಇಂಥ ಮನೆಗಳ ಮೇಲೆ ಈಗ ಬೀಳುತ್ತಿರುವ ಭಾರವನ್ನು ನೋಡಿ. ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದೇ ಬಲ್ಬಿಗೆಂದು ಕೊಟ್ಟ ಸಂಪರ್ಕದಲ್ಲಿ ಇಂದು ಟಿವಿ, ಮಿಕ್ಸಿ, ಫ್ರಿಜ್, ನೀರು ಕಾಯಿಸುವ ಕಾಯಿಲ್ ಎಲ್ಲವೂ ನಡೆಯುತ್ತವೆ. ಪಟ್ಟಣದ ಹಳೆಯ ಮನೆಗಳಿಗೆ ಎ.ಸಿ., ಇಂಡಕ್ಷನ್ ಒಲೆ, ರಾತ್ರಿಯಿಡೀ ಚಾರ್ಜಾಗುವ ಸ್ಕೂಟರ್ ಬಂದಿವೆ. ಗೋಡೆಯೊಳಗಿನ ತಂತಿ ಮಾತ್ರ ಅಂದಿನದೇ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 2,000 ವ್ಯಾಟಿನ ಗೀಸರ್ ಎಳೆಯುವುದು 8.7 ಆಂಪಿಯರ್. ಅದೇ ಲೈನಿಗೆ ಅಷ್ಟೇ ವ್ಯಾಟಿನ ಇಂಡಕ್ಷನ್ ಒಲೆ ಸೇರಿದರೆ ಕರೆಂಟು ಎರಡರಷ್ಟು, ಶಾಖ ನಾಲ್ಕರಷ್ಟು. ಮಾಮೂಲಿ ಪಿವಿಸಿ ತಂತಿಯ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್. ವರ್ಷಗಟ್ಟಲೆ ಅದನ್ನು ಮೀರಿ ಕಾದರೆ ಹೊದಿಕೆ ಬಿರುಕುಬಿಟ್ಟು ಉದುರುತ್ತದೆ, ಮಳೆಗಾಲದ ತೇವದಲ್ಲಿ ಕರೆಂಟು ಗೋಡೆಗೆ ಸೋರುತ್ತದೆ. ಎಂಸಿಬಿ ಮತ್ತೆ ಮತ್ತೆ ಬೀಳುತ್ತದೆಂದು 16 ತೆಗೆದು 32 ಆಂಪಿಯರಿನದು ಹಾಕಿಸುವವರೂ ಇದ್ದಾರೆ. ಹಾಗೆ ಮಾಡಿದರೆ ತಂತಿಗಿದ್ದ ರಕ್ಷಣೆಯೂ ಹೋಯಿತು.

ಈ ಸೋರಿಕೆಯನ್ನು ಗುರುತಿಸಬಲ್ಲ ಸಾಧನದ ಹೆಸರು ಆರ್‌ಸಿಸಿಬಿ. ಅದರ ತತ್ವ ಅಂಗಡಿಯ ಜಮಾ ಖರ್ಚಿನಷ್ಟೇ ಸರಳ: ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ಹಿಂತಿರುಗಬೇಕು. ಕಡಿಮೆ ಬಂದರೆ ಯಾರದೋ ಮೈಯ ಮೂಲಕವೋ ಗೋಡೆಯ ಮೂಲಕವೋ ನೆಲಕ್ಕೆ ಹೋಗುತ್ತಿದೆ ಎಂದರ್ಥ. ವ್ಯತ್ಯಾಸ 30 ಮಿಲಿಆಂಪಿಯರ್ ಆಗುವಷ್ಟರಲ್ಲಿ ಅದು ಕರೆಂಟು ಕಡಿಯುತ್ತದೆ. ನಾವು ಲೆಕ್ಕ ಹಾಕಿದ 230 ಮಿಲಿಆಂಪಿಯರ್ ಸೋರಿದರೆ 40 ಮಿಲಿಸೆಕೆಂಡಿನೊಳಗೆ ಕಡಿಯಬೇಕೆಂಬುದು ಅದರ ಮಾನದಂಡ. ಹೃದಯದ ಒಂದು ಬಡಿತಕ್ಕೆ ಸುಮಾರು 800 ಮಿಲಿಸೆಕೆಂಡು ಬೇಕು. ಒಣ ಹಲಗೆಯ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದು ಕಾಪಾಡದು, ಆಗ ಲೆಕ್ಕದಲ್ಲಿ ವ್ಯತ್ಯಾಸವೇ ಬರುವುದಿಲ್ಲ. ಕರೆಂಟು ದೇಹದ ಮೂಲಕ ನೆಲಕ್ಕೆ ಹರಿಯುವ ಶಾಕ್‌ಗಳಲ್ಲಿ ಇದಕ್ಕಿಂತ ದೊಡ್ಡ ರಕ್ಷಣೆ ಮನೆಯಲ್ಲಿ ಬೇರೊಂದಿಲ್ಲ.

ಬೆಲೆ ಎರಡು ಸಾವಿರ ರೂಪಾಯಿ ಆಸುಪಾಸು. ಮೇನ್ ಸ್ವಿಚ್ಚಿನ ಬಳಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ 30 ಮಿಲಿಆಂಪಿಯರಿನದನ್ನೇ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಪದೇ ಪದೇ ಬಿದ್ದರೆ ಅದನ್ನು ಬೈಪಾಸ್ ಮಾಡಿಸಬೇಡಿ, ಸೋರಿಕೆ ಎಲ್ಲಿದೆ ಎಂದು ಹುಡುಕಿಸಿ. ಅರ್ತ್ ರೋಧವನ್ನು ಪ್ರತಿ ಬೇಸಿಗೆಯಲ್ಲಿ ಅಳತೆ ಮಾಡಿಸಿ. ತ್ರೀ ಪಿನ್ ಪ್ಲಗ್ಗಿನ ಮೇಲಿನ ಪಿನ್ ಮುರಿದು ಟೂ ಪಿನ್ ಸಾಕೆಟ್ಟಿಗೆ ತುರುಕಬೇಡಿ, ಆ ಪಿನ್ ಉದ್ದವಾಗಿರುವುದೇ ಎಲ್ಲಕ್ಕಿಂತ ಮೊದಲು ಅರ್ತ್ ಸೇರಲೆಂದು. ಅರ್ತ್ ಇಲ್ಲವೆಂದು ಸಾಕೆಟ್ಟಿನಲ್ಲೇ ಅರ್ತ್ ಮತ್ತು ನ್ಯೂಟ್ರಲ್ ಜೋಡಿಸುವುದು ಇನ್ನೂ ಅಪಾಯ: ನ್ಯೂಟ್ರಲ್ ಕಡಿದ ಗಳಿಗೆಯಲ್ಲಿ ಉಪಕರಣದ ಮೈಯೆಲ್ಲ ಫೇಸ್ ಆಗುತ್ತದೆ. ಬಕೆಟ್ಟಿಗೆ ಕಾಯಿಲ್ ಹಾಕಿದ್ದರೆ ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈ ಹಾಕಿ. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಿ. ಉಸಿರು ನಿಂತಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆ ಒತ್ತುವುದನ್ನು ಕೂಡಲೇ ಶುರುಮಾಡಿ.

ಇದನ್ನೆಲ್ಲ ಮನೆಯವರ ಎಚ್ಚರಿಕೆಗಷ್ಟೇ ಬಿಟ್ಟರೆ ಸಾಲದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಸೋರಿಕೆ ರಕ್ಷಕ ಸಾಧನವನ್ನು ಕಡ್ಡಾಯ ಮಾಡಿದ್ದರೂ ಕಡಿಮೆ ಲೋಡಿನ ಮನೆಗಳಿಗೆ ವಿನಾಯಿತಿ ಕೊಟ್ಟಿವೆ. ಹಳೆಯ ತಂತಿ, ತಗಡಿನ ಗೋಡೆ, ಒದ್ದೆ ನೆಲ ಹೆಚ್ಚಾಗಿರುವುದು ಅಂಥ ಬಡವರ ಮನೆಗಳಲ್ಲೇ. ಆ ವಿನಾಯಿತಿ ಹೋಗಬೇಕು. ಉಚಿತ ವಿದ್ಯುತ್ತಿಗೆ ಹಣ ಕೊಡುವ ಸರ್ಕಾರ, ಒಂದು ಬಲ್ಬಿನ ಮನೆಗೂ ಒಂದು ಆರ್‌ಸಿಸಿಬಿ ಹಾಕಿಕೊಡುವ ಹೊಣೆಯನ್ನು ಹೊರಬೇಕು.