ಪಕ್ಕದ ಮನೆಯ ಮಗು

ಮಂಗಳೂರಿನ ಬಿಕರ್ನಕಟ್ಟೆ. ಬಾಲ ಯೇಸುವಿನ ಮುಂದೆ ಸಾವಿರಾರು ಜನ ಕೈಮುಗಿಯುವ ಊರು. ಮಗುವಿನಲ್ಲಿ ದೇವರನ್ನು ಕಾಣುವ ನಾವು, ಪಕ್ಕದ ಮನೆಯ ಮಗು ಪೆಟ್ಟು ತಿನ್ನುವಾಗ ಸುಮ್ಮನಿರಬಹುದೇ?

2007ರ ಕೇಂದ್ರ ಸರಕಾರದ ಅಧ್ಯಯನ ಹೇಳಿದ್ದು: ಮೂವರಲ್ಲಿ ಇಬ್ಬರು ಮಕ್ಕಳಿಗೆ ದೈಹಿಕ ಹಿಂಸೆ. ಮನೆಯೊಳಗೆ ಹೊಡೆದವರಲ್ಲಿ ಹೆಚ್ಚಿನವರು ಹೆತ್ತವರೇ.

ಪೆಟ್ಟು ಮಗುವಿಗೇ ಬೀಳಬೇಕೆಂದಿಲ್ಲ. ಒಂದೇ ಕೋಣೆಯ ಬಾಡಿಗೆ ಮನೆ. ಅಮ್ಮನಿಗೆ ಪೆಟ್ಟು ಬೀಳುವಾಗ ಮಗು ಎಲ್ಲಿಗೆ ಹೋಗಬೇಕು? ಮೈಗೆ ಗಾಯವಾಗದಿದ್ದರೂ ಭಯ ಉಳಿಯುತ್ತದೆ. ಮಗು ನಿದ್ದೆಯಲ್ಲಿ ಬೆಚ್ಚುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ, ಅಂಗನವಾಡಿಯಲ್ಲಿ ಮಾತೇ ಆಡುವುದಿಲ್ಲ.

2015ರ ಬಾಲನ್ಯಾಯ ಕಾಯ್ದೆ, 75ನೇ ಕಲಂ: ಮಗುವಿನ ಮೇಲಿನ ಕ್ರೌರ್ಯ ಅಪರಾಧ.

ಅಳು ಕೇಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತ. ನೆರೆಮನೆಯವರಾಗಿ ಇದು ನಮ್ಮ ಕರ್ತವ್ಯ.